ಮಳೆಗಾಲದ ದಾಸ್ತಾನು: ಹೊಸದಾಗಿ ಸಂಸಾರ ಹೂಡಿದವರಿಗೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ, ಹಳ್ಳದ ಆಚೆ ಮಗ್ಗುಲಲ್ಲಿ ನಮ್ಮ ಮನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಹಳ್ಳ ದಾಟುವ ಸಂಕ ಮುಳುಗುತ್ತದೆ, ಎಲ್ಲೋ ಗುಡ್ಡದ ಅಂಚಿನ ಧರೆ ಜರಿದು ಬಸ್ಸು ನಿಲ್ಲುತ್ತದೆ. ಹಾಗಂತ ಇಲ್ಲಿ ಯಾರೂ ಗಾಬರಿ ಬೀಳುವುದಿಲ್ಲ. ರೋಹಿಣಿ ಮಳೆಗೆ ಮುಂಚೆ ಮನೆಯೊಳಗೆ ಏನೇನು ಸೇರಬೇಕೋ ಅದೆಲ್ಲ ಸೇರಿರುತ್ತದೆ.

ಈಗ ನಮ್ಮ ಕಡೆಗೆ ಹೊಸಬರು ಬರುತ್ತಿದ್ದಾರೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು, ತೋಟ ಕೊಂಡವರು, ಊರಿಗೆ ವಾಪಸಾದ ಹುಡುಗರು. ನನ್ನ ಮಗಳೂ ಶಿವಮೊಗ್ಗದಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ. ಅವಳಿಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನೀವು ಎಲ್ಲೇ ಇರಿ, ಒಂದು ಮಾತು ಮೊದಲು ತಿಳಿದುಕೊಳ್ಳಿ: ದಾಸ್ತಾನು ಉಳಿಯುವುದೂ ಹಾಳಾಗುವುದೂ ತೇವದ ಮೇಲೆ. ಹಣ ಕೊಟ್ಟು ಎಷ್ಟು ತಂದಿರಿ ಅನ್ನುವುದಕ್ಕಿಂತ ಎಷ್ಟು ಒಣಗಿಸಿ ಇಟ್ಟಿರಿ ಅನ್ನುವುದು ಮುಖ್ಯ.

ಎಷ್ಟು ಬೇಕು

ಆರು ತಿಂಗಳಿಗೆ ಎಂದು ಮೊದಲೇ ಹೊರಡಬೇಡಿ. ಹದಿನೈದು ದಿನಕ್ಕೆ ಮಾಡಿ. ಅದು ಕೈಗೆ ಹತ್ತಿದ ಮೇಲೆ ತಿಂಗಳಿಗೆ ಏರಿಸಿ. ಎರಡು ಹೊತ್ತು ಅನ್ನ, ಬೆಳಿಗ್ಗೆ ದೋಸೆಯೋ ಕಡುಬೋ ತಿನ್ನುವ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 300ರಿಂದ 350 ಗ್ರಾಂ ಅಕ್ಕಿ ಹಿಡಿಯುತ್ತದೆ. ನಾಲ್ಕು ಜನಕ್ಕೆ ಹದಿನೈದು ದಿನಕ್ಕೆ 20 ಕೆಜಿ ಆಯಿತು. ಅದರ ಜೊತೆಗೆ ತೊಗರಿಬೇಳೆ 3 ಕೆಜಿ, ಹೆಸರುಕಾಳು ಅಲಸಂದೆ ಸೇರಿ 2 ಕೆಜಿ, ಎಣ್ಣೆ 2 ಲೀಟರ್, ಬೆಲ್ಲ 2 ಕೆಜಿ, ಉಪ್ಪು 2 ಕೆಜಿ, ಹುಣಸೆಹಣ್ಣು, ಒಣಮೆಣಸು, ಚಹಾಪುಡಿ, ಅರ್ಧ ಕೆಜಿ ಹಾಲಿನ ಪುಡಿ. ಮನೆಯಲ್ಲಿ ಎಳೆ ಮಗು ಇದ್ದರೆ ಅದರ ಆಹಾರ ಬೇರೆಯೇ ಲೆಕ್ಕ ಹಾಕಿ.

ಒಲೆ ಹಚ್ಚದೇ ತಿನ್ನುವಂಥದ್ದು ಮೂರು ದಿನಕ್ಕಾದರೂ ಇರಲಿ. ಪೇಟೆಯಲ್ಲಿ ಸಿಗುವ ಡಬ್ಬಿ ಊಟ ಹುಡುಕಬೇಕಾಗಿಲ್ಲ. ಅವಲಕ್ಕಿ, ಹುರಿಗಡಲೆ, ಹುರಿದ ಶೇಂಗಾ, ಖರ್ಜೂರ, ರಾಗಿ ಹುರಿಹಿಟ್ಟು ಇದ್ದರೆ ಬೇಕಾದಷ್ಟಾಯಿತು. ಹುರಿಹಿಟ್ಟಿಗೆ ಬೆಲ್ಲ, ಮಜ್ಜಿಗೆ ಅಥವಾ ಬರೀ ನೀರು ಹಾಕಿ ಕಲಸಿದರೆ ಮಕ್ಕಳಿಗೂ ಮುದುಕರಿಗೂ ಹೊಟ್ಟೆ ತುಂಬುತ್ತದೆ. ನಮ್ಮ ಅತ್ತೆಗೆ ಈಗ ಹಲ್ಲಿಲ್ಲ, ಮಳೆಗಾಲದ ಅರ್ಧ ಸಂಜೆ ಅವರಿಗೆ ಅದೇ ಫಲಾರ.

ಮನೆಯಲ್ಲಿ ಯಾರೂ ತಿನ್ನದ್ದನ್ನು ದಾಸ್ತಾನು ಮಾಡಬೇಡಿ. ಕಡಿಮೆಗೆ ಸಿಕ್ಕಿತೆಂದು ಹತ್ತು ಕೆಜಿ ಓಟ್ಸ್ ತಂದಿಟ್ಟರೆ ಅದು ದೀಪಾವಳಿಗೆ ದನದ ಬಾನಿಗೆ ಹೋಗುತ್ತದೆ. ದಿನಾ ಬಳಸುವುದನ್ನೇ ಸ್ವಲ್ಪ ಹೆಚ್ಚು ತಂದು, ಹಳತನ್ನು ಮುಂದಕ್ಕೆ ಎಳೆದು ಹೊಸತನ್ನು ಹಿಂದೆ ಇಡಿ. ಡಬ್ಬದ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿ ತಂದ ತಿಂಗಳು ಬರೆಯಿರಿ. ನೆನಪಿರುತ್ತದೆ ಅಂದುಕೊಂಡದ್ದು ಯಾವುದೂ ಆಷಾಢದಲ್ಲಿ ನೆನಪಿರುವುದಿಲ್ಲ.

ಒಣಗಿಸುವ ಕೆಲಸ

ಏಪ್ರಿಲ್, ಮೇ ಬಿಸಿಲು ವ್ಯರ್ಥ ಮಾಡಬಾರದು. ಬೇಳೆ, ಕಾಳು, ಮೆಣಸು, ಹುಣಸೆ, ಕೊತ್ತಂಬರಿ ಎಲ್ಲವನ್ನೂ ಅಂಗಳದಲ್ಲಿ ಚಾಪೆ ಹಾಸಿ ಹರವಬೇಕು. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ. ಕಾಳು ಸೀಳಿ ನುಚ್ಚಾಗುತ್ತದೆ. ಅದಕ್ಕೆ ಗಾಳಿಯಾಡುವ ನೆರಳು ಸಾಕು.

ಒಣಗಿತೇ ಎಂದು ತಿಳಿಯುವುದು ಹೇಗೆ? ರಾಶಿಯ ನಡುವಿನಿಂದ ನಾಲ್ಕು ಕಾಳು ತೆಗೆದು ದವಡೆ ಹಲ್ಲಿಗೆ ಕೊಡಿ. ‘ಕಟ್’ ಎಂದು ಎರಡಾಯಿತೋ, ಒಣಗಿದೆ. ಹಲ್ಲಿನಡಿಯಲ್ಲಿ ಒತ್ತಿಕೊಂಡು ಚಪ್ಪಟೆಯಾಯಿತೋ, ಇನ್ನೂ ಬಿಸಿಲು ಬೇಕು. ಒಣಮೆಣಸಾದರೆ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಬೀಜ ಗಿಲಿಗಿಲಿ ಅನ್ನಬೇಕು. ಹಲ್ಲಿನ ಅಂದಾಜು ಸಾಲದು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಪುಡಿಉಪ್ಪನ್ನು ಬಾಣಲೆಯಲ್ಲಿ ಹುರಿದು ಆರಿಸಿ. ಒಣಗಿದ ಗಾಜಿನ ಬಾಟಲಿಗೆ ಅದರಲ್ಲಿ ಎರಡು ಚಮಚ, ಮೇಲೆ ಒಂದು ಹಿಡಿ ಕಾಳು ಹಾಕಿ ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಬಾಟಲಿಯ ಮೈಗೆ ಅಂಟಿಕೊಂಡರೆ ಕಾಳಿನಲ್ಲಿ ತೇವ ಇದೆ. ಅಂಟದೆ ಬುಡಕ್ಕೆ ಉದುರಿದರೆ ತುಂಬಿಡಬಹುದು.

ಬಿಸಿಲಿನಿಂದ ತೆಗೆದ ಕಾಳನ್ನು ಬಿಸಿ ಇರುವಾಗಲೇ ಡಬ್ಬಕ್ಕೆ ಸುರಿಯಬಾರದು. ಒಳಗೆ ಬೆವರಿ, ಮುಚ್ಚಳದ ಅಡಿಯಲ್ಲಿ ಹನಿ ಕಟ್ಟಿ, ಆ ಹನಿ ಬಿದ್ದಲ್ಲಿಂದ ಬೂಷ್ಟು ಶುರುವಾಗುತ್ತದೆ. ಸಂಜೆ ಒಳಗೆ ತಂದು ಪೂರ್ತಿ ಆರಿದ ಮೇಲೆ, ಅಂಗಳದ ಥಂಡಿ ಏರುವ ಮುಂಚೆ ತುಂಬಿ. ಡಬ್ಬ ಅಂಚುಮಟ್ಟ ತುಂಬಿರಲಿ. ಖಾಲಿ ಜಾಗ ಕಡಿಮೆಯಾದಷ್ಟೂ ಹುಳಕ್ಕೆ ಉಸಿರು ಕಡಿಮೆ. ನೆಲದ ಮೇಲೆ ನೇರ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಮಳೆಗಾಲದಲ್ಲಿ ನಮ್ಮ ಗೋಡೆ ನೆಲ ಎರಡೂ ಬೆವರುತ್ತವೆ.

ಹುಳದ ವಿಷಯ. ತೊಗರಿಬೇಳೆಗೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಹಾಕಿ ಎರಡೂ ಕೈಯಲ್ಲಿ ಚೆನ್ನಾಗಿ ಉಜ್ಜಿ, ಪ್ರತಿ ಬೇಳೆಯೂ ಮಿಂಚುವಂತಾಗಬೇಕು. ಬೇಯಿಸುವಾಗ ತೊಳೆದರೆ ಹೋಗುತ್ತದೆ. ಬಿತ್ತನೆಯ ಅಲಸಂದೆ, ಅವರೆಗೆ ಜರಡಿ ಹಿಡಿದ ಒಲೆಯ ಬೂದಿ. ಅಕ್ಕಿಗೆ ಒಣಗಿದ ಬೇವಿನ ಎಲೆ ಅಥವಾ ಲಕ್ಕಿ ಸೊಪ್ಪು. ಒಣಗಿದ್ದೇ ಆಗಬೇಕು, ಹಸಿ ಎಲೆ ಹಾಕಿದರೆ ನೀವೇ ತೇವ ಕೊಟ್ಟಂತೆ. ಎಲೆ ಹುಳವನ್ನು ದೂರ ಇಡಬಹುದು, ಆಗಲೇ ಒಳಗಿರುವ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಪೇಟೆಯ ರವೆ, ಹಿಟ್ಟಿಗೆ ಮಗಳು ಮಾಡುವ ಉಪಾಯ ಒಳ್ಳೆಯದಿದೆ: ತಂದ ದಿನವೇ ಪೊಟ್ಟಣವನ್ನು ಇನ್ನೊಂದು ಕವರಿಗೆ ಹಾಕಿ ಕಟ್ಟಿ ನಾಲ್ಕು ದಿನ ಫ್ರೀಜರಿನಲ್ಲಿಡುವುದು. ತೆಗೆದ ಮೇಲೆ ಹೊರಗಿನ ಬಿಸಿಗೆ ಪೂರ್ತಿ ಬರುವ ತನಕ ಕವರ್ ಬಿಚ್ಚಬಾರದು, ಇಲ್ಲವಾದರೆ ತಣ್ಣನೆ ಹಿಟ್ಟಿನ ಮೇಲೆ ನೀರು ಕೂರುತ್ತದೆ.

ಒಂದನ್ನು ಕೈಮುಗಿದು ಹೇಳುತ್ತೇನೆ. ಗೋದಾಮಿನಲ್ಲಿ ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಯಾರಾದರೂ ತಂದುಕೊಟ್ಟರೆ ಮನೆಯೊಳಗೆ ಬಿಡಬೇಡಿ. ಅದು ತೇವ ತಾಗಿದರೆ ಬಿಡುವ ಅನಿಲ ಮಲಗಿದಲ್ಲೇ ಜನರನ್ನು ಕೊಲ್ಲುತ್ತದೆ. ಹಾಗೆಯೇ ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿ, ಜೋಳವನ್ನು ಒರೆಸಿ, ಹುರಿದು ತಿನ್ನುವುದೂ ಬೇಡ. ಅದರ ವಿಷ ಹುರಿದರೆ ಹೋಗುವಂಥದ್ದಲ್ಲ. ಎಸೆಯುವಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಎಸೆಯಿರಿ. ದನಕ್ಕೂ ಹಾಕಬೇಡಿ.

ಯಾವುದು ಎಷ್ಟು ಕಾಲ ತಡೆಯುತ್ತದೆ ಎಂದರೆ, ಎಲ್ಲಕ್ಕಿಂತ ಗಟ್ಟಿ ಭತ್ತ ಮತ್ತು ರಾಗಿ. ಉತ್ತರ ಕರ್ನಾಟಕದವರು ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಜೋಳ ಇಡುತ್ತಿದ್ದರು, ನಮ್ಮ ಕಡೆ ಮಣ್ಣು ಒಸರುವುದರಿಂದ ಮರದ ಪಣತವೇ, ಅಂದರೆ ಕಣಜವೇ ಗತಿ. ಬಿಳಿ ಅಕ್ಕಿ ಚೆನ್ನಾಗಿ ಇಟ್ಟರೆ ವರ್ಷ ದಾಟುತ್ತದೆ, ಕುಚ್ಚಲಕ್ಕಿಗೆ ಹುಳ ಇನ್ನೂ ಕಡಿಮೆ. ತೌಡು ತೆಗೆಯದ ಕೆಂಪಕ್ಕಿ ಕೆಲವೇ ತಿಂಗಳಲ್ಲಿ ಕಮಟು ಹಿಡಿಯುತ್ತದೆ, ಆರೋಗ್ಯಕ್ಕೆ ಒಳ್ಳೆಯದೆಂದು ಮೂಟೆಗಟ್ಟಲೆ ತರುವವರು ಇದನ್ನು ಗಮನಿಸಿ. ಹಿಟ್ಟು, ರವೆ ಮಳೆಗಾಲದಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಬೇಡ. ಕಾಳಾಗಿ ಇಟ್ಟು ಬೇಕಾದಾಗ ಬೀಸಿಸಿ. ಅಚ್ಚುಬೆಲ್ಲ ಒಸರಿ ಕರಗುತ್ತದೆ, ಅದಕ್ಕೇ ನಮ್ಮಲ್ಲಿ ನೀರಾಗಿರುವ ಜೋನಿಬೆಲ್ಲ ಭರಣಿಯಲ್ಲಿ ಇರುವುದು.

ಉಪ್ಪಿನ ಭರಣಿ

ತರಕಾರಿ ಗಾಡಿ ಬರದ ವಾರಗಳಿಗೆ ಉಪ್ಪಿನ ದಾಸ್ತಾನೇ ಆಧಾರ. ಎಲ್ಲಕ್ಕಿಂತ ಸುಲಭದ್ದು ಉಪ್ಪುಸೊಳೆ. ಬಲಿತ, ಆದರೆ ಹಣ್ಣಿಗೆ ತಿರುಗದ ಹಲಸಿನಕಾಯಿ ಬೇಕು. ಸೊಳೆ ಬಿಡಿಸಿ, ಬೀಜ ತೆಗೆದು, ನೀರು ಸೋಕಿಸದೆ ಉದ್ದುದ್ದ ಸೀಳಿ. ಒಣಗಿದ ಭರಣಿಯ ಬುಡಕ್ಕೆ ಒಂದು ಹಿಡಿ ಕಲ್ಲುಪ್ಪು, ಅದರ ಮೇಲೆ ನಾಲ್ಕು ಬೆರಳು ಸೊಳೆ, ಮತ್ತೆ ಉಪ್ಪು. ನಾನು ನಾಲ್ಕು ಅಳತೆ ಸೊಳೆಗೆ ಒಂದು ಅಳತೆ ಉಪ್ಪು ಹಾಕುತ್ತೇನೆ. ಕೈಯಿಂದ ಅಮುಕಿ ಅಮುಕಿ ತುಂಬಿ, ಮೇಲೆ ಬಾಡಿಸಿದ ಬಾಳೆಲೆ ಮುಚ್ಚಿ, ತೊಳೆದು ಒಣಗಿಸಿದ ಹೊಳೆಕಲ್ಲು ಹೇರಿ. ಒಂದೆರಡು ದಿನದಲ್ಲಿ ಸೊಳೆ ತನ್ನ ನೀರು ತಾನೇ ಬಿಟ್ಟು ತಗ್ಗುತ್ತದೆ. ಆ ನೀರು ಸೊಳೆಯ ಮೇಲೆ ಸದಾ ನಿಂತಿರಬೇಕು. ತೇಲಿದ ತುಂಡಿಗೇ ಬೂಷ್ಟು ಬರುವುದು. ಬೇಕಾದಾಗ ಒಣ ಸೌಟಿನಲ್ಲಿ ತೆಗೆದು, ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಎರಡು ಸಲ ನೀರು ಬದಲಿಸಿ ಹಿಂಡಿದರೆ ಪಲ್ಯಕ್ಕೂ ರೊಟ್ಟಿಗೂ ಬರುತ್ತದೆ. ಬಿ.ಪಿ. ಇರುವವರಿಗೆ ಇನ್ನೂ ಚೆನ್ನಾಗಿ ನೆನೆಸಿ, ಸಾರಿಗೆ ಬೇರೆ ಉಪ್ಪು ಹಾಕಬೇಡಿ.

ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕ, ಸಂಡಿಗೆ ಮಾಡುವುದನ್ನು ನಿಮ್ಮ ಮನೆಯ ಹಿರಿಯರಿಂದಲೇ ಕಲಿಯಿರಿ, ಬರಹದಲ್ಲಿ ಅದು ಬರುವುದಿಲ್ಲ. ಬಲಿತ ಸೌತೆಕಾಯಿಗಳನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಸೂರಿನ ಅಡಿಗೆ ತೂಗುಹಾಕಿದರೆ ಎಷ್ಟೋ ತಿಂಗಳು ಕೂರುತ್ತವೆ. ಒಂದಕ್ಕೊಂದು ತಾಗಬಾರದು ಅಷ್ಟೆ. ಬೂದುಗುಂಬಳಕ್ಕೂ ಸಿಹಿಗುಂಬಳಕ್ಕೂ ತೊಟ್ಟು ಮುರಿಯದೆ ಕೊಯ್ಯುವುದೇ ಗುಟ್ಟು. ಆದರೆ ಯಾರೋ ವಿಡಿಯೊದಲ್ಲಿ ತೋರಿಸಿದರೆಂದು ಹಸಿ ತರಕಾರಿಯನ್ನೋ ಬೆಂದ ಪಲ್ಯವನ್ನೋ ಗಾಜಿನ ಶೀಷೆಗೆ ತುಂಬಿ, ಗಾಳಿ ತೆಗೆದು ಮುಚ್ಚಿ ಹೊರಗಿಡಬೇಡಿ. ಹುಳಿ, ಉಪ್ಪು ಇಲ್ಲದ ಒದ್ದೆ ಪದಾರ್ಥ ಗಾಳಿಯಿಲ್ಲದ ಕಡೆ ಬೆಳೆಸುವ ವಿಷ ವಾಸನೆಯಿಂದ ತಿಳಿಯುವುದಿಲ್ಲ, ಪ್ರಾಣಕ್ಕೇ ಬರುತ್ತದೆ.

ನೀರು

ಸುತ್ತ ನೀರೇ ಇರುವಾಗ ಕುಡಿಯುವ ನೀರಿಗೆ ತೊಂದರೆ ಅಂದರೆ ಪೇಟೆಯವರಿಗೆ ಆಶ್ಚರ್ಯ. ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು ಜೋರು ಮಳೆಗೆ ಕೆಂಪಾಗುತ್ತದೆ, ಪೈಪೇ ಕೊಚ್ಚಿಹೋಗುತ್ತದೆ. ಕರೆಂಟಿಲ್ಲದೆ ಪಂಪು ಓಡುವುದಿಲ್ಲ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ಮೂರು ದಿನದ್ದು ಮುಚ್ಚಳದ ಪಾತ್ರೆಯಲ್ಲಿ ಇರಲಿ. ನಾಲ್ಕು ಜನಕ್ಕೆ ಸುಮಾರು 50 ಲೀಟರ್.

ಕೆನ್ನೀರನ್ನು ಮೊದಲು ತಿಳಿಯಾಗಲು ಬಿಟ್ಟು, ಮೇಲಿನದನ್ನು ಎರಡು ಮಡಿಕೆ ಪಂಚೆಯಲ್ಲಿ ಸೋಸಿ, ಕುದಿಸಿ. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಸೌದೆ ಉಳಿಸುವುದೂ ಲೆಕ್ಕವೇ.

ಬಾವಿ ಇರುವವರು ಬ್ಲೀಚಿಂಗ್ ಪುಡಿ ಹಾಕುವುದನ್ನು ಕಲಿತಿರಬೇಕು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನಿಂತ ನೀರಿನ ಆಳದಿಂದ ಗುಣಿಸಿ, ಆಮೇಲೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ನೀರಿದೆ ಎಂದು ಬರುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ 9,420 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಸುಮಾರು 24 ಗ್ರಾಂ ಒಳ್ಳೆಯ ಪುಡಿ ಬೇಕು. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ಬುಡಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ನೀರಿನೊಳಗೆ ಇಳಿಸಿ ಏರಿಸಿ ಬೆರೆಸಿ. ಒಂದು ಗಂಟೆಯಾದರೂ ಸೇದಬಾರದು. ರಾತ್ರಿ ಹಾಕಿದರೆ ಅನುಕೂಲ. ಹಳೆಯ, ಗಾಳಿಯಾಡಿದ ಪುಡಿಗೆ ಶಕ್ತಿ ಇರುವುದಿಲ್ಲ. ಹೊಳೆನೀರು ಬಾವಿಗೇ ನುಗ್ಗಿದ್ದರೆ ಈ ಅಳತೆ ಸಾಲದು, ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಬೆಂಕಿ, ಬೆಳಕು

ಗ್ಯಾಸ್ ಎರಡು ಸಿಲಿಂಡರ್ ಇರಲಿ, ಒಂದು ಮುಗಿದ ದಿನವೇ ಬುಕ್ ಮಾಡಿ. ಸೋರಿದ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಸೌದೆ ಒಲೆ ಇರುವ ಮನೆ ಪುಣ್ಯವಂತರದ್ದು. ಸೌದೆಯನ್ನು ಮೇ ಒಳಗೆ ಸೀಳಿ ಕೊಟ್ಟಿಗೆಗೆ ಹಾಕಿ. ತೆಂಗಿನ ಗರಟೆ, ಒಣ ಸೋಗೆ, ಅಡಿಕೆ ಹಾಳೆ ಬೆಂಕಿ ಹಿಡಿಸಲು ಬೇರೆ ಕಟ್ಟಿಡಿ. ಬೆಂಕಿಪೊಟ್ಟಣ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇರಬೇಕು.

ಬಾಣಂತಿ ಕೋಣೆಗೂ ಬಟ್ಟೆ ಒಣಗಿಸುವ ಕೋಣೆಗೂ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುವ ರೂಢಿ ನಮ್ಮಲ್ಲಿದೆ. ಹಳೆಯ ಹೆಂಚಿನ ಮನೆಯಲ್ಲಿ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗಿನ ತಾರಸಿ ಮನೆಯಲ್ಲಿ, ಗಾಜಿನ ಕಿಟಕಿ ಹಾಕಿದರೆ ಗಾಳಿ ಎಲ್ಲಿಂದಲೂ ಬರುವುದಿಲ್ಲ. ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ಮಂಪರು ಬಂದು ಮಲಗಿದವರು ಏಳುವುದಿಲ್ಲ. ಮಗುವಿಗೆ ಬೆಚ್ಚಗಿರಬೇಕಾದರೆ ಬಟ್ಟೆ ಹೊದಿಸಿ, ಬಿಸಿನೀರಿನ ಚೀಲ ಇಡಿ, ಕೆಂಡವನ್ನು ಮಲಗುವ ಕೋಣೆಗೆ ತರಬೇಡಿ. ಜನರೇಟರ್ ಕೂಡ ಜಗುಲಿಯಲ್ಲೂ ಬೇಡ, ಮನೆಯಿಂದ ದೂರ ಅಂಗಳದಾಚೆ ಇರಲಿ.

ಬೆಳಕಿಗೆ ತಲೆಗೆ ಕಟ್ಟುವ ಬ್ಯಾಟರಿ ಒಳ್ಳೆಯದು, ಕೈ ಎರಡೂ ಖಾಲಿ ಇರುತ್ತವೆ. ಬಿಡಿ ಸೆಲ್ಲು, ತುಂಬಿದ ಪವರ್ ಬ್ಯಾಂಕ್ ಜೊತೆಗಿರಲಿ. ಟವರ್ ಸತ್ತ ದಿನ ರೇಡಿಯೊ ಉಪಯೋಗಕ್ಕೆ ಬರುತ್ತದೆ. ನಮಗೆ ಭದ್ರಾವತಿ ಆಕಾಶವಾಣಿ ಕೇಳುತ್ತದೆ. ಕರೆಂಟ್ ದೂರಿಗೆ 1912, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಆಂಬುಲೆನ್ಸಿಗೆ 108, ಉಳಿದದ್ದಕ್ಕೆಲ್ಲ 112. ಇವನ್ನು ಫೋನಿನಲ್ಲಷ್ಟೇ ಇಡದೆ ಅಡುಗೆಮನೆಯ ಗೋಡೆಯ ಮೇಲೂ ಬರೆದಿಡಿ.

ಔಷಧಿ

ಬಿ.ಪಿ., ಸಕ್ಕರೆ, ಥೈರಾಯ್ಡ್, ಫಿಟ್ಸ್ ಮಾತ್ರೆ ಒಂದು ತಿಂಗಳಿಗೆ ಮುಂಗಡ ಇರಲೇಬೇಕು. ಚೀಟಿಯ ನಕಲೂ ಜೊತೆಗಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಬಳಕೆಯಲ್ಲಿರುವ ಬಾಟಲಿಯನ್ನು ಕರೆಂಟಿಲ್ಲದಾಗ ನೀರಿನ ಮಡಕೆಯ ಪಕ್ಕ ತಣ್ಣಗೆ ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ನಾಲ್ಕು ವಾರ ಎನ್ನುತ್ತಾರೆ, ನಿಮ್ಮದಕ್ಕೆ ಎಷ್ಟು ಎಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಭೇದಿಗೆ ಓ.ಆರ್.ಎಸ್. ಪೊಟ್ಟಣ ಇರಲಿ. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಅಂದಾಜಿನಲ್ಲಿ ಹಾಕಬೇಡಿ. ಹಾವು ಕಚ್ಚಿದರೆ ಕಟ್ಟು, ಕೊಯ್ತ ಏನೂ ಬೇಡ, ಕಾಲಾಡಿಸದಂತೆ ಕೂರಿಸಿ ನೇರ ಆಸ್ಪತ್ರೆಗೆ. ಗದ್ದೆಯಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು ಬಂದರೆ ಇಲಿಜ್ವರ ಇರಬಹುದು, ಕಷಾಯದಲ್ಲಿ ದಿನ ಕಳೆಯಬೇಡಿ.

ಎಲ್ಲ ಬಿಟ್ಟು ಹೊರಡಬೇಕಾದಾಗ

ತುಂಬಿದ ಪಣತ, ಕಟ್ಟಿದ ದನ ನೋಡಿಕೊಂಡು ಜನ ಮನೆ ಬಿಡುವುದಿಲ್ಲ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ, ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು, ಅದೇ ತಿಂಗಳ 30ರಂದು ವಯನಾಡಿನಲ್ಲಿ ಗುಡ್ಡ ಹೇಗೆ ಇಳಿಯಿತೆಂದು ನೋಡಿದ್ದೇವೆ. ಹೊಳೆ ಏರುವುದು ಕಣ್ಣಿಗೆ ಕಾಣುತ್ತದೆ. ತೀರ್ಥಹಳ್ಳಿಯವರು ರಾಮಮಂಟಪ ನೋಡುತ್ತಾರೆ, ಕಳಸದವರು ಹೆಬ್ಬಾಳೆ ಸೇತುವೆ ನೋಡುತ್ತಾರೆ. ಗುಡ್ಡ ಹಾಗಲ್ಲ, ಅದು ಕೊಡುವ ಸೂಚನೆ ಸಣ್ಣದು. ಮನೆಯ ಹಿಂದಿನ ಧರೆಯ ಮೇಲೆ ಹೊಸ ಬಿರುಕು, ವಾಲಿದ ಅಡಿಕೆ ಮರ ಅಥವಾ ಕಂಬ, ಇಲ್ಲದ ಕಡೆ ಜಲ ಒಡೆಯುವುದು, ನಿನ್ನೆ ಸಲೀಸಾಗಿದ್ದ ಬಾಗಿಲು ಇವತ್ತು ಚೌಕಟ್ಟಿನಲ್ಲಿ ಕಚ್ಚಿಕೊಳ್ಳುವುದು, ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ದಿಢೀರನೆ ಕಡಿಮೆಯಾಗುವುದು ಅಥವಾ ರಾಡಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ರಾತ್ರಿ ಕಳೆಯಲಿ ಎಂದು ಕಾಯಬೇಡಿ. ಧರೆಯ ಪಕ್ಕದ ಕೋಣೆಯಲ್ಲಿ ಜೋರು ಮಳೆಯ ರಾತ್ರಿ ಮಲಗುವುದೇ ಬೇಡ.

ಅದಕ್ಕಾಗಿ ಒಂದು ಬೆನ್ನಚೀಲ ಜೂನ್‌ನಿಂದಲೇ ಬಾಗಿಲ ಹಿಂದೆ ತೂಗಲಿ. ಪಹಣಿ, ಆಧಾರ್, ಪಾಸ್‌ಬುಕ್ ನಕಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದು ವಾರದ ಮಾತ್ರೆ, ಸ್ವಲ್ಪ ನಗದು, ಬ್ಯಾಟರಿ, ಒಂದು ಜೊತೆ ಒಣ ಬಟ್ಟೆ, ಅವಲಕ್ಕಿ, ಎರಡು ಲೀಟರ್ ನೀರು. ಹೊರಡುವಾಗ ಮೇನ್ ಸ್ವಿಚ್, ಗ್ಯಾಸ್ ಬಂದ್ ಮಾಡಿ, ಕೊಟ್ಟಿಗೆಯ ಕಣ್ಣಿ ಬಿಚ್ಚಿ. ಕಟ್ಟಿಹಾಕಿದ ದನ ಉಳಿಯುವುದಿಲ್ಲ, ಬಿಟ್ಟ ದನ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಯಾರ ಮನೆಗೆ ಹೋಗುವುದು, ವಯಸ್ಸಾದವರನ್ನು ಯಾರು ಎತ್ತಿಕೊಳ್ಳುವುದು ಎನ್ನುವುದನ್ನು ಬಿಸಿಲಿರುವಾಗಲೇ ಮನೆಮಂದಿ ಕೂತು ಮಾತಾಡಿಕೊಳ್ಳಿ, ಪಕ್ಕದ ಮನೆಯವರಿಗೂ ಹೇಳಿಡಿ.

ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಇರುವವರು ಇಷ್ಟೆಲ್ಲ ನೋಡಿ ಹಿಂಜರಿಯುವುದು ಬೇಡ. ಈ ತಿಂಗಳ ಸಾಮಾನು ತರುವಾಗ ಐದು ಕೆಜಿ ಅಕ್ಕಿ, ಒಂದು ಕೆಜಿ ಬೇಳೆ, ಒಂದು ಕೆಜಿ ಅವಲಕ್ಕಿ ಹೆಚ್ಚಿಗೆ ತನ್ನಿ. ಬಿಗಿ ಮುಚ್ಚಳದ ಮೂರು ಡಬ್ಬ, 20 ಲೀಟರಿನ ಒಂದು ನೀರಿನ ಕ್ಯಾನು, ಒಂದು ಬ್ಯಾಟರಿ. ಮುಂದಿನ ತಿಂಗಳು ಮಾತ್ರೆ ಮತ್ತು ಚೀಲದ ಕೆಲಸ. ಡಬ್ಬ ಮಂಚದಡಿ ಇಡುವುದಾದರೆ ಕೆಳಗೊಂದು ಹಲಗೆ ಹಾಕಿ, ಗೋಡೆಗೆ ತಾಗಿಸಬೇಡಿ.